ಪುಟ್ಟಲಕ್ಷ್ಮಮ್ಮ ಇಳಿಯದ ತಿಪ್ಪೆ

ಪಾಂಡವಪುರದ ಕಡೆಯ ನಮ್ಮೂರ ಶಾಲೆಯಲ್ಲಿ ಪುಟ್ಟಲಕ್ಷ್ಮಮ್ಮ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದರು. ಕೆಲಸ ಬಿಟ್ಟ ದಿನ ಸಿಕ್ಕಿದ್ದು ಒಂದು ಶಾಲು, ಅರ್ಧ ಗಂಟೆಯ ಭಾಷಣ. ಮನೆ ಹಿಂದಿದ್ದ ಎರಡು ಗುಂಟೆ ಹಿತ್ತಲೋ, ನಾಲೆ ನೀರು ಜಿನುಗಿ ಚೌಳು ಹಿಡಿದಿತ್ತು. ಬೇಸಿಗೆ ಬಂತೆಂದರೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ. ಬದನೆ ಸಸಿ ವಾರದೊಳಗೆ ಸುಟ್ಟುಹೋಗುತ್ತಿತ್ತು. ಕೃಷಿ ಮೇಳ ನೋಡಿಬಂದ ಮಹಾಶಯರು 'ಈ ಮಣ್ಣು ಸತ್ತಿದೆ' ಎಂದು ತೀರ್ಪು ಕೊಟ್ಟು, ಪುಟ್ಟಲಕ್ಷ್ಮಮ್ಮನವರ ಮನೆಯಲ್ಲೇ ಕಾಫಿ ಕುಡಿದು ಎದ್ದುಹೋದರು.

ಪುಟ್ಟಲಕ್ಷ್ಮಮ್ಮ ಮಣ್ಣಿಗೆ ಉಣ್ಣಲಿಕ್ಕಿದರು. ನೀರು ಬಸಿಯಲು ಕಾಲುವೆ ತೋಡಿದರು. ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೇ ಮಗುಚಿದರು. ಮನೆ ಮುಂದೆ ತಿಪ್ಪೆ ಮಾಡಿ, ಸಗಣಿ, ಹೊಂಗೆ ಸೊಪ್ಪು, ಶಾಲೆಯ ತರಕಾರಿ ಸಿಪ್ಪೆ, ಊರೆಲ್ಲ ಬೆಂಕಿ ಇಡುವ ಕಬ್ಬಿನ ತರಗು, ಎಲ್ಲವನ್ನೂ ಪದರ ಪದರವಾಗಿ ಕೊಳೆಸಿದರು. ಮೂರು ವರ್ಷಕ್ಕೆ ಅರ್ಧ ಹಿತ್ತಲು ಕಪ್ಪಾಯಿತು. ಉಳಿದರ್ಧ ಈ ಸಲದ ತಿಪ್ಪೆಗಾಗಿ ಕಾಯುತ್ತಿತ್ತು.

ಆಗ ನಮ್ಮ ಪಂಚಾಯ್ತಿಗೆ ಸ್ವಚ್ಛತೆಯ ಜ್ವರ ಬಂತು. ಸದಸ್ಯ ಧರ್ಮೇಂದ್ರ ಬಿಳಿ ಶರ್ಟು ತೊಟ್ಟು, ಉಳಿದ ಸದಸ್ಯರು, ಜೆಸಿಬಿ, ಟ್ರಾಕ್ಟರು ಸಮೇತ ಬಂದ.

"ಅಕ್ಕಯ್ಯ, ನಾಳೆ ಪ್ರಶಸ್ತಿಗೆ ಊರು ನೋಡಾಕೆ ಸಾಹೇಬ್ರು ಬತ್ತಾವ್ರೆ. ಈ ಗಲೀಜು ಇರಂಗಿಲ್ಲ."

ಪುಟ್ಟಲಕ್ಷ್ಮಮ್ಮ ಬಾಯಿ ತೆರೆಯುವಷ್ಟರಲ್ಲಿ ತಿಪ್ಪೆ ಟ್ರೈಲರಿನಲ್ಲಿತ್ತು.

"ಎಲ್ಲಿಗ್ಲಾ ಒಯ್ತೀಯೆ?" ಎಂದು ಡ್ರೈವರ್ ಹೊನ್ನಪ್ಪನನ್ನು ಕೇಳಿದರು.

ಹೊನ್ನಪ್ಪ ತಲೆ ಕೆರೆದ. "ಧರ್ಮೇಂದ್ರಣ್ಣನ ತೆಂಗಿನ ತ್ವಾಟಕ್ಕೆ ಕಣಕ್ಕ."

ಪುಟ್ಟಲಕ್ಷ್ಮಮ್ಮ ಸೀರೆ ಎತ್ತಿಕಟ್ಟಿ, ಚಕ್ರದ ಮೇಲೆ ಕಾಲಿಟ್ಟು ಹತ್ತಿ, ತಿಪ್ಪೆಯ ನೆತ್ತಿಯ ಮೇಲೆ ಜಗಲಿಯಲ್ಲಿ ಕೂತಂತೆ ಕೂತರು.

"ಇಳಿ ಅಕ್ಕಯ್ಯ, ನಾತ ಹೊಡಿತೈತೆ!" ಎಂದ ಧರ್ಮೇಂದ್ರ.

"ನನ್ ಮನೆ ಮುಂದ್ಲದು ಗಲೀಜು, ನಿನ್ ತ್ವಾಟಕ್ಕೋದ್ರೆ ಗೊಬ್ರವೇನ್ಲಾ? ಕಳ್ ನನ್ಮಗ್ನೆ, ನಿಂಗೆ ಅನ್ನ ಬಡ್ಸಿದ್ ಕೈ ಕಣ್ಲಾ ಇದು."

"ಜನ ನೋಡ್ತಾವ್ರೆ!"

"ನೋಡ್ಲಿ ಬುಡು. ನಾಳೆ ಸಾಹೇಬ್ರೂ ನೋಡ್ಲಿ. ಹೊನ್ನಪ್ಪ, ಒಸಿ ಎಲೆ ಅಡಿಕೆ ತಕಬಾ."

ಹೊನ್ನಪ್ಪ ಇಂಜಿನ್ ಆಫ್ ಮಾಡಿ ಎಲೆ ಅಡಿಕೆಗೆ ಹೋದ. ನಡುರಸ್ತೆಯಲ್ಲಿ ಟ್ರಾಕ್ಟರು, ಟ್ರಾಕ್ಟರಿನ ಮೇಲೆ ತಿಪ್ಪೆ, ತಿಪ್ಪೆಯ ಮೇಲೆ ಅಕ್ಕಯ್ಯ. ಸಾಹೇಬರಿಗೆ ತೋರಿಸುವಂಥ ದೃಶ್ಯವಲ್ಲ. ಒಂದು ತಾಸಿನಲ್ಲಿ ಧರ್ಮೇಂದ್ರ ಮೆತ್ತಗಾದ.

"ಅದೇನ್ ಮಾಡ್ಬೇಕು ಹೇಳಕ್ಕಯ್ಯ."

"ನನ್ ಹಿತ್ಲಿಗಾಕು. ರಸ್ತೆನೂ ಕಿಲೀನಾಯ್ತದೆ."

ಹಿತ್ತಲಿಗಿದ್ದದ್ದು ಒಬ್ಬರು ನುಸುಳುವಷ್ಟೇ ಅಗಲದ ಸಂದಿ. ಟ್ರಾಕ್ಟರು, ಜೆಸಿಬಿ ಹೋಗವು, ಮಂಕರಿ ಬುಟ್ಟಿಯಲ್ಲೇ ಹೊರಬೇಕು. ಅಲ್ಲಿದ್ದ ಉಳಿದ ಸದಸ್ಯರಿಗೆಲ್ಲ ಒಮ್ಮೆಲೇ ತುರ್ತು ಕೆಲಸಗಳು ನೆನಪಾದವು. ಧರ್ಮೇಂದ್ರ ಮಂಕರಿ ತಲೆಗೇರಿಸಿದ. ಬಿಳಿ ಶರ್ಟಿನ ಮೇಲೆ ಸಗಣಿ ನೀರು ಇಳಿಯಿತು. ಊರಿಗೆ ಅವನು ಮಾಡಿದ ಕೆಲಸಗಳಲ್ಲಿ ನಾನು ಕಣ್ಣಾರೆ ಕಂಡದ್ದು ಇದೊಂದೇ.

ಆಮೇಲಷ್ಟೇ ಪುಟ್ಟಲಕ್ಷ್ಮಮ್ಮ ಇಳಿದು ಹಿತ್ತಲಿಗೆ ಹೋದರು.

"ಬದ್ನೆ ಬುಡಕ್ಕೆ ಸುರಿಬ್ಯಾಡ ಕಣ್ಲಾ, ಒಳ್ಗಿನ್ನೂ ಬಿಸಿ ಐತೆ, ಬೇರು ಬೆಂದೋಯ್ತದೆ. ಆ ಬೆಳ್ಳನ್ ಜಾಗಕ್ಕೆ ಆಕು. ಮ್ಯಾಲೆ ತರಗು ಮುಚ್ಚು."

ಧರ್ಮೇಂದ್ರ ತರಗು ಮುಚ್ಚಿ, ಮುಂದಿನ ಮಂಕರಿಗೆ ಹೋದ.