ಹಸಿ ಕಟ್ಟಿಗೆಯ ಒಲೆ

ಯಶೋದಾ ಮೇಡಂ ನಮ್ಮ ಶಾಲೆಯ ಚಿತ್ರಕಲಾ ಶಿಕ್ಷಕಿ. ಹರಿಹರದಿಂದ ದಿನಾ ಬಸ್ಸು ಹತ್ತಿ ದಾವಣಗೆರೆಯ ಎಸ್.ಎಸ್. ಬಡಾವಣೆಗೆ ಬರುತ್ತಾರೆ. ಸೆರಗಿಗೆ ಬಣ್ಣ ಮೆತ್ತಿಕೊಂಡಿದೆ ಎಂದು ಯಾರಾದರೂ ಹೇಳಿದರೆ, ನಕ್ಕು, ಉಜ್ಜಿ, ಇನ್ನಷ್ಟು ಹರಡಿಬಿಡುತ್ತಾರೆ.

ಅವರ ತಂದೆ ಮಾಲತೇಶ್ ಹತ್ತಿರದ ಬಾತಿ ಹಳ್ಳಿಯ ಒಕ್ಕಲು ಮನೆತನದವರು; ಹರಿಹರದಲ್ಲಿ ಕಾರ್ಖಾನೆ ಕೆಲಸ. ತಾಯಿ ಬಿಲ್ಕೀಸ್ ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಯವರ ಮಗಳು. ಇಬ್ಬರೂ ಮೆಚ್ಚಿ ಮದುವೆಯಾದಾಗ ಎರಡೂ ಕಡೆಯವರು ಮಾತು ಬಿಟ್ಟರು. ಆ ಮನೆಯಲ್ಲಿ ರಂಜಾನಿಗೆ ಸುರ್‌ಕುಂಬಾ ಪಾಯಸವೂ ಆಗುತ್ತಿತ್ತು, ಯುಗಾದಿಗೆ ಹೋಳಿಗೆಯೂ ಆಗುತ್ತಿತ್ತು. ಉಣ್ಣಲು ಬರುವ ನೆಂಟರೇ ಇರಲಿಲ್ಲ.

ಯಶೋದಾ ಮೂರನೇ ಕ್ಲಾಸಿನಲ್ಲಿದ್ದಾಗ ಮಾಲತೇಶ್ ಅಪಘಾತದಲ್ಲಿ ತೀರಿಕೊಂಡರು. ಬಿಲ್ಕೀಸ್ ಗೋಡೆಗೆ ಮುಖ ಮಾಡಿ ಮಲಗಿದವರು ದಿನಗಟ್ಟಲೆ ಏಳಲಿಲ್ಲ. ಆಗ ಬಾತಿಯಿಂದ ಮಾಲತೇಶರ ತಾಯಿ ತಿಮ್ಮವ್ವ ಬಂದರು. ದಾವಣಗೆರೆಯಿಂದ ಬಿಲ್ಕೀಸರ ತಾಯಿ ಹಜೀರಾಬೀ ಬಂದರು. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮಣ್ಣಿನ ಕಾರ್ಯ ಮುಗಿದು, ಊಟ ತಂದುಕೊಡುತ್ತಿದ್ದ ಓಣಿಯವರೂ ತಮ್ಮ ಪಾಡಿಗೆ ಹೋದ ಮೇಲೆ, ಒಂದು ಬೆಳಿಗ್ಗೆ ತಿಮ್ಮವ್ವ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದರು:

"ಕೂಸು ಹಸ್ಕಂಡೈತೆ. ಒಲಿ ಹಚ್ಬೇಕಲ್ಲ. ನೀವು ಹಚ್ತೀರೋ, ನಾನು ಹಚ್ಲೋ?"

"ಇಬ್ರೂ ಹಚ್ಚಾನ ಬರ್ರಿ," ಎಂದರು ಹಜೀರಾಬೀ.

ಮಳೆಗೆ ನೆನೆದ ಕಟ್ಟಿಗೆ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಸರದಿಯ ಮೇಲೆ ಊದಿದರು. ಕೆನ್ನೆಯ ಮೇಲೆಲ್ಲ ನೀರು, ಹೆಗಲು ಅಲುಗುತ್ತಿತ್ತು. ಹಿಂದೆ ನಿಂತಿದ್ದ ಯಶೋದಾಗೆ ನೆನಪಿದ್ದದ್ದು ಅಷ್ಟೇ. ಅಂದಿನಿಂದ ಇಬ್ಬರು ಅಜ್ಜಿಯರೂ ಆ ಮನೆಗೆ ಬರುವುದನ್ನು ಬಿಡಲಿಲ್ಲ. ಬಿಲ್ಕೀಸ್ ಎದ್ದರು, ಹೊಲಿಗೆ ಕಲಿತರು, ಮಗಳನ್ನು ಓದಿಸಿದರು.

ಕಳೆದ ವರ್ಷ ಯಶೋದಾ ಆ ಒಲೆಯನ್ನು ದೊಡ್ಡ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆಯಲು ಕೂತರು. ಅಜ್ಜಿಯರು ಹೋಗಿ ಎಷ್ಟೋ ಕಾಲವಾಗಿತ್ತು. ಮಳೆಗಾಲವಿಡೀ ಬಣ್ಣ ಒಣಗಲಿಲ್ಲ, ಮನೆ ತುಂಬ ಅಗಸೆ ಎಣ್ಣೆಯ ವಾಸನೆ. ಬಿಲ್ಕೀಸ್ ಅತ್ತ ಸುಳಿಯುತ್ತಲೇ ಇರಲಿಲ್ಲ. ಚಿತ್ರ ಮುಗಿಯಿತು ಎಂದ ದಿನ ಬಂದು, ಕನ್ನಡಕ ಹಾಕಿಕೊಂಡು ನೋಡಿದರು.

"ಯಾಕ ಇಬ್ರೂ ಅಳೋ ಹಂಗ ಬರ್ದೀ?"

"ಅಳ್ತಿದ್ರಲ್ಲಮ್ಮ. ನಾನೇ ನೋಡೀನಿ."

"ನೀ ಹಿಂದ್ಗಡೆ ನಿಂತಿದ್ದಿ. ನಾನು ಒಳಗೆ ಮಲ್ಕಂಡು ಕೇಳ್ತಿದ್ದೆ. ನಿಮ್ಮ ಬಾತಿ ಅಜ್ಜಿ ಊದಿದ್ದಕ್ಕೆ ಬೂದಿಯೆಲ್ಲ ನಮ್ಮಮ್ಮನ ಮುಖಕ್ಕೆ ಬಡೀತು. 'ಬೀಗ್ತೀಗೆ ಪೌಡರ್ ಹಚ್ಚಿದಂಗಾತು ನೋಡ್ರಿ' ಅಂದ್ರು ನಿಮ್ಮಜ್ಜಿ. ಇಬ್ರೂ ಬಾಯಿ ಮುಚ್ಕಂಡು ನಕ್ಕಿದ್ದು ನಂಗೆ ಕೇಳಿಸ್ತು."

ಮಗನನ್ನು ಕಳೆದುಕೊಂಡ ತಾಯಿ ನಗುವುದು ಹೇಗೆ ಎಂಬುದು ಯಶೋದಾಗೆ ತಿಳಿಯಲಿಲ್ಲ.

"ನಂಗೂ ಸಿಟ್ಟು ಬಂದಿತ್ತು," ಎಂದರು ಬಿಲ್ಕೀಸ್. "ನನ್ನ ಮನಿ ಹಾಳಾಗೈತೆ, ಇವ್ರಿಗೆ ನಗು ಹೆಂಗೆ ಬರ್ತತಿ ಅಂತ. ಆಮ್ಯಾಲೆ ರೊಟ್ಟಿ ವಾಸ್ನಿ ಬಂತು. ಹಸಿವಾತು. ಎದ್ದೆ."

ಯಶೋದಾ ಎರಡೂ ಮುಖಗಳ ಬಣ್ಣವನ್ನು ಚಾಕುವಿನಿಂದ ಕೆರೆದು ತೆಗೆದರು. ಹೊಸದಾಗಿ ಬರೆದ ಮುಖಗಳಲ್ಲಿ ಕಣ್ಣೀರೂ ಇತ್ತು, ನಗುವೂ ಇತ್ತು.

ದಾವಣಗೆರೆಯಲ್ಲಿ ಚಿತ್ರಪ್ರದರ್ಶನ ನಡೆದಾಗ ನಾವು ಶಿಕ್ಷಕರೆಲ್ಲ ಹೋಗಿದ್ದೆವು. ಮಾಲತೇಶರ ತಮ್ಮ ಕರಿಯಣ್ಣನವರೂ ಸುದ್ದಿ ತಿಳಿದು ಬಾತಿಯಿಂದ ಬಂದಿದ್ದರು. ತಾಯಿ ಹರಿಹರಕ್ಕೆ ಹೋಗಿಬರುತ್ತಿದ್ದಾಗಲೂ ಅತ್ತಿಗೆಯ ಹೊಸ್ತಿಲು ತುಳಿಯದ ಮನುಷ್ಯ. ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಅಣ್ಣ ಹೋದ ಮ್ಯಾಲೆ ನಮ್ಮವ್ವ ನಕ್ಕಿದ್ದನ್ನ ಮನ್ಯಾಗೆ ನಾವ್ಯಾರೂ ನೋಡ್ಲಿಲ್ಲ," ಎಂದರು. ಪಕ್ಕದಲ್ಲಿದ್ದ ಬಿಲ್ಕೀಸರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ನಿಮ್ಮನ್ಯಾಗೆ ನಕ್ಕಿದ್ಲು ಅಂದಂಗಾತು. ಅತ್ತಿಗಿ, ಒಮ್ಮೆ ಬಾತಿಗೆ ಬರ್ರಿ" ಎಂದರು.

ಬಿಲ್ಕೀಸ್ ಕೂಡಲೇ ಹೂಂ ಅನ್ನಲಿಲ್ಲ. "ಮಗಳಿಗೆ ರಜಾ ಇದ್ದಾಗ ನೋಡಾನ," ಎಂದರು. ಆದರೆ ಮುಂದಿನ ಭಾನುವಾರವೇ ಹೋದರು. ಯಶೋದಾ ಈಗ ಚಿಕ್ಕಪ್ಪನ ಚಿತ್ರ ಬರೆಯುತ್ತಿದ್ದಾರೆ. ಮನುಷ್ಯ ಒಂದು ಕಡೆ ಅಲುಗಾಡದೆ ಕೂಡುವುದೇ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಮ್ಮ ಹತ್ತಿರ ದೂರುತ್ತಾರೆ.