ಗಿರಣಿಯವ್ವ

ಅರವತ್ತರ ದಶಕದ ಹಳಿಯಾಳದಲ್ಲಿ ನಮ್ಮ ಓಣಿಯವರೆಲ್ಲ ಅವಳನ್ನು ಗಿರಣಿಯವ್ವ ಎನ್ನುತ್ತಿದ್ದರು. ಗಿರಣಿ ನಡೆಸುತ್ತಿದ್ದ ಅವಳ ಹುಬ್ಬಿನ ಮೇಲೂ ಹಿಟ್ಟು ಕೂತಿರುತ್ತಿತ್ತು. ಬೀಸಿದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡದೆ ಯಾರ ಡಬ್ಬಿಗೂ ಸುರಿಯುತ್ತಿರಲಿಲ್ಲ.

ಗಿರಣಿಯ ಮೂಲೆಯಲ್ಲಿ, ಗೋಣಿಚೀಲದ ಮೇಲೆ, ಅವಳ ಮೈದುನ ಕೂತಿರುತ್ತಿದ್ದ. ಅವನ ಕಿವಿಯಲ್ಲಿ ಯಾರೋ ಸದಾ ಬೈಯುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ಮಾತ್ರ ಆ ದನಿಗಳು ಅಡಗುತ್ತಿದ್ದವು. ಜೋಳ ತಂದವರು ಮುಖ ಸಿಂಡರಿಸಿದರೆ, "ಕುಂತಾನ, ಕುಂತಿರ್ಲಿ ಬಿಡ್ರಿ" ಎನ್ನುತ್ತಿದ್ದಳು. ಅಷ್ಟೇ.

ಒಂದು ದಿನ ಎಂಜಿನ್ನು ಕೆಟ್ಟು ಗಿರಣಿ ನಿಂತಿತು. ಅವನು ಕಿವಿ ಮುಚ್ಚಿಕೊಂಡು ಚೀರುತ್ತ ಬೀದಿಗೆ ಓಡಿದ. ಯಾರನ್ನೂ ಮುಟ್ಟಲಿಲ್ಲ. ಆದರೂ ಓಣಿಯ ಹಿರಿಯರು ಅವನ ಕೈ ಕಟ್ಟಿ, ದೂರದ ಹುಚ್ಚರ ಆಸ್ಪತ್ರೆಗೆಂದು ಬಸ್ಸು ಹತ್ತಿಸಿದರು.

"ಗಿರಣಿ ಚಾಲೂ ಆತಂದ್ರ ಸುಮ್ಮನಾಗ್ತಾನ್ರಿ" ಎಂದು ಅವಳು ಬಸ್ಸಿನ ಬಾಗಿಲ ತನಕ ಬೇಡಿಕೊಂಡಳು.

"ನಿನ್ನ ಚಲೋದಕ್ಕ ಮಾಡಾಕತ್ತೇವಿ, ತಂಗಿ" ಎಂದರು.

ಒಳ್ಳೆಯದು ಮಾಡುವವರಿಗೆ ನಮ್ಮ ಓಣಿಯಲ್ಲಿ ಎಂದೂ ಬರವಿರಲಿಲ್ಲ.

ಎಂಜಿನ್ನು ರಿಪೇರಿಯಾದ ದಿನ ನಾನು ಜೋಳ ಬೀಸಿಸಲು ಹೋಗಿದ್ದೆ. ನನ್ನದು ಬೀಸಿಯಾದ ಮೇಲೆ ಆ ಹಿರಿಯರಲ್ಲೊಬ್ಬರದೇ ಕೊನೆಯ ಸರದಿ. ಅವರ ಹಿಟ್ಟನ್ನು ಅವಳು ತಿಕ್ಕಿ ನೋಡದೆಯೇ ಸುರಿದುಕೊಟ್ಟಳು. ಅವರು ಹೋಗಲಿಲ್ಲ. "ಓಣಿ ಈಗ ಎಷ್ಟ ಶಾಂತ ಆಗೇತಿ ನೋಡು" ಎಂದರು.

ಅವಳು ಎಂಜಿನ್ನು ಆರಿಸದೆ ಹೋಗಿ ಮೈದುನನ ಚೀಲದ ಮೇಲೆ ಕೂತಳು.

"ಕಾಳು ಮುಗದಾವ, ಬಂದ್ ಮಾಡವಾ!" ಎಂದು ಅವರು ಕೂಗಿದರು.

"ಓಡ್ಲಿ ಬಿಡ್ರಿ" ಎಂದಳು. "ನಿಮ್ಮ ದನಿ ನನಗ ಕೇಳಬಾರ್ದು."