ಹಿಂದಕ್ಕೆ ಹೋಗುವ ಹಟ

ನನ್ನ ಕುತ್ತಿಗೆ ಈಗೀಗ ಬಲಕ್ಕೆ ತಿರುಗಿದಷ್ಟು ಸಲೀಸಾಗಿ ಎಡಕ್ಕೆ ತಿರುಗುವುದಿಲ್ಲ. ತರಗತಿಯಲ್ಲಿ ಎಡಗಡೆ ಕೂರುವ ಮಕ್ಕಳಿಗೆ ಇದರಿಂದ ಬಹಳ ಅನುಕೂಲವಾಗಿದೆ. ಕಾರಣ ವಯಸ್ಸಲ್ಲ, ಟ್ರ್ಯಾಕ್ಟರ್. ಐವತ್ತು ದಾಟಿದ ಭೂಗೋಳದ ಮಾಸ್ತರನೊಬ್ಬ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಯಲ್ಲಿ ಒಮ್ಮೆಯಾದರೂ ಕೊನೆಯ ಗೆರೆ ಮುಟ್ಟಬೇಕೆಂದು ಹಟ ಹಿಡಿದರೆ ಪಾಪ, ಕುತ್ತಿಗೆ ತಾನೇ ಏನು ಮಾಡೀತು?

ನೀವು ನಮ್ಮ ಯರಗಟ್ಟಿ ಕಡೆಯವರಲ್ಲದಿದ್ದರೆ ಈ ಆಟ ನೋಡಿರಲಿಕ್ಕಿಲ್ಲ. ಬೆಳೆ ತೆಗೆದ ಹೊಲದಲ್ಲಿ ಉದ್ದಕ್ಕೆ ಎರಡು ಸುಣ್ಣದ ಗೆರೆ ಎಳೆದಿರುತ್ತಾರೆ. ಅವುಗಳ ನಡುವೆ ಹಿಂದೆ ಹಿಂದೆಯೇ ಹೋಗಬೇಕು. ಗೆರೆ ದಾಟಿದರೆ ಔಟ್, ಒಂದು ಗೇಣು ಮುಂದೆ ಬಂದರೂ ಔಟ್. ಟ್ರೇಲರ್ ಎಡಕ್ಕೆ ಹೋಗಬೇಕೆಂದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು. ತುಸು ಹೆಚ್ಚಾಯಿತೋ, ಎರಡೂ ಅಡಕತ್ತರಿಯ ಹಾಗೆ ಮಡಚಿಕೊಂಡು ನಿಲ್ಲುತ್ತವೆ. ಮೊದಲ ವರ್ಷ ನಾನು ಅರ್ಧಕ್ಕೂ ಮುಟ್ಟಲಿಲ್ಲ. ಎರಡನೆಯ ವರ್ಷ ಗೆರೆ ದಾಟಿ ಹೋದ ನನ್ನ ಟ್ರೇಲರಿಗೆ ಹೆದರಿ ಚಹಾ ಮಾರುವವನು ಸ್ಟೋವ್ ಸಮೇತ ಓಡಬೇಕಾಯಿತು.

ಮೂರನೆಯ ವರ್ಷ ಹೆಸರು ಬರೆಸುವ ಹೊತ್ತಿಗೆ ಹೆಂಡತಿ ಕುತ್ತಿಗೆಗೆ ಎಣ್ಣೆ ತಿಕ್ಕುತ್ತ, "ಬಿಡೂದಿದ್ರ ಇವತ್ತ ಬಿಡ್ರಿ. ಗೆದ್ದು ಯಾರಿಗಿ ತೋರಸೂದೈತಿ?" ಎಂದಳು. ಶಾಲೆಯಲ್ಲಿ ಎಲ್ಲರೂ, "ಬಿಡಬ್ಯಾಡ್ರಿ ಸರ" ಎಂದರು. ಅವರಲ್ಲಿ ಒಬ್ಬರೂ ಆ ಸೀಟಿನ ಮೇಲೆ ಕುಳಿತವರಲ್ಲ. ಬಿಡುವುದೇನು ನನಗೆ ಹೊಸದೇ? ಹಾರ್ಮೋನಿಯಂ ಬಿಟ್ಟೆ, ಮುಂಜಾನೆಯ ವಾಕಿಂಗ್ ಬಿಟ್ಟೆ, ಎರಡನ್ನೂ ಮಾರನೆಯ ದಿನವೇ ಮರೆತು ಸುಖವಾಗಿದ್ದೆ. ಆದರೆ ಆ ವಾರ ನದಿಗಳ ಪಾಠ ಮಾಡುವಾಗ ಮಕ್ಕಳು ಮುಸಿಮುಸಿ ನಗತೊಡಗಿದರು. ನೋಡಿದರೆ, ನನ್ನ ಕೈ ತನ್ನಷ್ಟಕ್ಕೆ ಡಸ್ಟರಿನ ಹಿಂದೆ ಸ್ಕೇಲು ಇಟ್ಟು ಮೇಜಿನ ಮೇಲೆ ರಿವರ್ಸ್ ತಳ್ಳುತ್ತಿತ್ತು. ನಿಜವಾಗಿ ಬೇಡವಾದದ್ದು ಹೀಗೆ ಕೈಯಲ್ಲಿ ಉಳಿಯುವುದಿಲ್ಲ ಅನ್ನಿಸಿತು. ಹೋಗಿ ಹೆಸರು ಬರೆಸಿದೆ.

ನನಗೆ ಕಲಿಸುವವರು ಟ್ರ್ಯಾಕ್ಟರಿನ ಮಾಲೀಕ ಹುಸೇನಸಾಬರು. ಅವರದು ಒಂದೇ ಪಾಠ: "ಮಡಚಿಕೊಂಡ್ರ ಹಟಾ ಮಾಡಬ್ಯಾಡ್ರಿ ಮಾಸ್ತರ. ಒಂದೀಟ ಮುಂದ ತಗೊಂಡು ಸೀದಾ ಮಾಡ್ರಿ, ಮತ್ತ ಹಿಂದ ಬರ್ರಿ." ರವಿವಾರದ ಅಭ್ಯಾಸದಲ್ಲಿ ಹಾಗೆಯೇ ಮಾಡುತ್ತಿದ್ದೆ. ಸ್ಪರ್ಧೆಯಲ್ಲಿ ಮಾತ್ರ ಮುಂದೆ ಬಂದರೆ ಸೀಟಿ ಊದುತ್ತಾರಲ್ಲ. ಆ ಭಯಕ್ಕೆ ಎರಡು ವರ್ಷವೂ ಮಡಚಿದ್ದನ್ನೇ ಮತ್ತಷ್ಟು ಮಡಚುತ್ತ ಹೋಗಿ, ಅದಕ್ಕೆ ಛಲವೆಂದು ಹೆಸರಿಟ್ಟಿದ್ದೆ.

ಈ ಸಲ ಮುಕ್ಕಾಲು ದಾರಿ ನೆಟ್ಟಗೆ ಹೋದೆ. ಚಪ್ಪಾಳೆಯೂ ಬಿತ್ತು, ಎದೆಯೂ ಉಬ್ಬಿತು, ಅಷ್ಟರಲ್ಲೇ ಟ್ರೇಲರ್ ಬಲಕ್ಕೆ ಎಳೆಯತೊಡಗಿತು. ಇನ್ನೊಂದು ಮಾರು ಹಿಂದೆ ಹೋದರೆ ಗೆರೆ ದಾಟುವುದು ಖಾತ್ರಿ. ಗೇರು ಬದಲಿಸಿ ಮುಂದೆ ತೆಗೆದುಕೊಂಡೆ. ಸೀಟಿ ಕೇಳಿತು. "ಮಾಸ್ತರು ಔಟ್ ಆದ್ರರಿ" ಎಂದು ಮೈಕಿನವನು ಸಾರಿದ. ನಾನು ಇಳಿಯಲಿಲ್ಲ. ಟ್ರೇಲರನ್ನು ಸೀದಾ ಮಾಡಿ ಮತ್ತೆ ಹಿಂದಕ್ಕೆ ಹೊರಟೆ, ಯಾರ ಲೆಕ್ಕಕ್ಕೂ ಇಲ್ಲದ ಆ ಉಳಿದ ಕಾಲುಭಾಗ ದಾರಿಯನ್ನು ನಿಧಾನವಾಗಿ ಮುಗಿಸಿ ಕೊನೆಯ ಗೆರೆಯ ಮೇಲೆ ಗಾಲಿ ನಿಲ್ಲಿಸಿದೆ. ಇಷ್ಟು ಖುಷಿ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಹುಸೇನಸಾಬರು ಓಡಿ ಬಂದು, "ಮುಂದಿನ ವರ್ಷಕ್ಕ ಹೆಸರ ಈಗ ಬರಸೂನೇನ್ರಿ?" ಎಂದರು.

"ಸ್ಪರ್ಧಾ ಸಾಕ್ರೀ ಸಾಬ್ರ," ಎಂದೆ. "ಈ ರವಿವಾರ ಟ್ರ್ಯಾಕ್ಟರ್ ಖಾಲಿ ಇರತೈತೇನ್ರಿ?"